ರೆಡ್ ವೈನ್ ಕಪಾಟಿನಲ್ಲಿ ಒಂದು ಬದಲಾವಣೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಮೈಸೂರಿನ ಅಂಗಡಿಯಲ್ಲಿ ಕಡಿಮೆ ಬೆಲೆಯ ವಿದೇಶಿ ರೆಡ್ ವೈನ್ ಇಡುವುದಿಲ್ಲ. ಆ ಜಾಗಕ್ಕೆ ನಂದಿ ಬೆಟ್ಟದ ಸುತ್ತಲಿನ, ನಾಸಿಕ್‌ನ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ವೈನ್‌ಗಳು ಬರುತ್ತವೆ. "ಫಾರಿನ್ನೇ ಚೆನ್ನಾಗಿರುತ್ತೆ ಅಲ್ವಾ?" ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಅದಕ್ಕೇ ಈ ಪತ್ರ.

ಲೆಕ್ಕ ನೋಡಿ. ಹೊರದೇಶದ ವೈನ್ ಮೇಲೆ ಇಲ್ಲಿಯವರೆಗೆ ಸಾಮಾನ್ಯವಾಗಿ ಬೀಳುತ್ತಾ ಬಂದ ಆಮದು ಸುಂಕ 150 ಪರ್ಸೆಂಟ್. 300 ರೂಪಾಯಿಯ ಬಾಟಲಿ ಬಂದರಿಗೆ ಬಂದರೆ ಸುಂಕವೇ 450. ಅಲ್ಲಿಗೇ 750 ಆಯಿತು. ಆಮೇಲೆ ರಾಜ್ಯದ ಅಬಕಾರಿ ತೆರಿಗೆ, ಲಾರಿ ಬಾಡಿಗೆ, ಮಾರುವವರ ಲಾಭ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು ಅಲ್ಲಿನ ವೈನ್‌ಗೆ ಸುಂಕ ಇಳಿಯಿತು, ನಿಜ. ಆದರೆ ಬಾಟಲಿಗೆ 5 ಅಮೆರಿಕನ್ ಡಾಲರ್‌ಗಿಂತ ಕಡಿಮೆ ಇದ್ದರೆ ಆ ರಿಯಾಯಿತಿ ಇಲ್ಲ. ಅಂದರೆ ಅಗ್ಗದ ವಿದೇಶಿ ಬಾಟಲಿಗೆ ನೀವು ಕೊಡುವ ದುಡ್ಡಿನಲ್ಲಿ ದ್ರಾಕ್ಷಿಗೆ ಹೋಗುವುದು ತೀರಾ ಸ್ವಲ್ಪ. ಅಷ್ಟೇ ದುಡ್ಡಿಗೆ ನಮ್ಮ ದೇಶದ್ದೇ ಒಳ್ಳೆಯ ವೈನ್ ಸಿಗುವಾಗ ಸುಮ್ನೆ ಲೇಬಲ್ ನೋಡಿ ಯಾಕೆ ಕೊಳ್ಳಬೇಕು?

ನಮ್ಮಲ್ಲಿ ವೈನ್ ಮಾಡುವ ಕೆಲಸ ಹೊಸದೇನಲ್ಲ. ಗ್ರೋವರ್ ಕಂಪನಿಯವರು ದೊಡ್ಡಬಳ್ಳಾಪುರದ ಕಡೆ 1988ರಲ್ಲೇ ಶುರು ಮಾಡಿದರು, ಫ್ರಾನ್ಸ್‌ನ ವೈನ್ ತಜ್ಞ ಮಿಷೆಲ್ ರೊಲಾಂ ಅವರ ಸಲಹೆಯನ್ನೂ ಪಡೆದರು. ಅವರ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ಎಂಬ ದ್ರಾಕ್ಷಿ ತಳಿಗಳನ್ನು ಬೆರೆಸಿ ಓಕ್ ಮರದ ಪೀಪಾಯಿಯಲ್ಲಿಟ್ಟ ವೈನ್. ಸ್ವಲ್ಪ ಜಾಸ್ತಿ ಕೊಡಬಹುದು ಅನ್ನುವವರಿಗೆ ನಮ್ಮ ಮೊದಲ ಸಲಹೆ ಅದೇ. ಸಾವಿರದ ಆಸುಪಾಸಿನಲ್ಲಿ ಸಾಕು ಅಂದರೆ ನಾಸಿಕ್‌ನ ಸುಲಾ ಕಂಪನಿಯ ಶಿರಾಜ್ ಕ್ಯಾಬರ್ನೆ ಇದೆ. ಅಕ್ಲೂಜ್‌ನ ಫ್ರಾಟೆಲ್ಲಿಯವರು ಇಟಲಿಯ ಸಾಂಜೊವೇಸೆ ತಳಿ ಬೆಳೆಯುತ್ತಾರೆ. ತುಸು ಹುಳಿ ಇರುವುದರಿಂದ ಟೊಮೆಟೊ ಹಾಕಿದ ಅಡುಗೆಗೆ ಚೆನ್ನಾಗಿ ಹೊಂದುತ್ತದೆ.

ಬಾಟಲಿ ಕೈಗೆ ತಗೊಂಡಾಗ ಲೇಬಲ್‌ನಲ್ಲಿ ದ್ರಾಕ್ಷಿ ಕೊಯ್ದ ಇಸವಿ ನೋಡಿ. ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಈ ಬೆಲೆಯ ವೈನ್ ವರ್ಷಗಟ್ಟಲೆ ಇಡುವಂಥದ್ದಲ್ಲ, ಎರಡು ಮೂರು ವರ್ಷದೊಳಗೆ ಕುಡಿದರೇ ರುಚಿ. ತಿರುಪು ಮುಚ್ಚಳ ಕಂಡರೆ ಕೀಳು ಮಾಲು ಅಂದುಕೊಳ್ಳಬೇಡಿ. ಬೇಗ ಕುಡಿಯುವ ವೈನ್‌ಗೆ ಅದು ಕಾರ್ಕ್‌ಗಿಂತ ವಾಸಿ.

ಮತ್ತೆ, ಮೈಸೂರಿನ ಏಪ್ರಿಲ್ ಸೆಕೆಯಲ್ಲಿ "ರೂಮ್ ಟೆಂಪರೇಚರ್" ನಂಬಬೇಡಿ. ಆ ಮಾತು ತಂಪು ದೇಶದ್ದು. ರೆಡ್ ವೈನ್‌ಗೆ 16ರಿಂದ 18 ಡಿಗ್ರಿ ಸರಿ. ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಬೆಚ್ಚಗಿದ್ದರೆ ಮೂಗಿಗೆ ಆಲ್ಕೋಹಾಲ್ ಘಾಟೇ ಹೊಡೆಯುತ್ತದೆ, ಹಣ್ಣಿನ ವಾಸನೆ ಸಿಗುವುದಿಲ್ಲ. ಬನ್ನೂರು ಕುರಿ ಮಾಂಸದ ಪೆಪ್ಪರ್ ಫ್ರೈ ಮಾಡಿದ ದಿನ ಶಿರಾಜ್ ತೆಗೆಯಿರಿ, ಅದರಲ್ಲೇ ಮೆಣಸಿನ ಘಮ ಇರುತ್ತದೆ. ಕೆಂಪು ಖಾರ ಜಾಸ್ತಿ ಇರುವ ಸಾರಿಗೆ ಒಗರು ವೈನ್ ಬೇಡ. ಬಾಯಿ ಇನ್ನಷ್ಟು ಉರಿಯುತ್ತದೆ. ಆಗ ಮೆರ್ಲೋ ತಳಿಯ ವೈನ್ ತೆಗೆಯಿರಿ, ಅದು ಮೆತ್ತಗೆ.

ಕ್ರಿಸ್‌ಮಸ್ ಕೇಕಿಗೆಂದು ಸಿಹಿ ಪೋರ್ಟ್ ಕೊಳ್ಳುವವರು ಚಿಂತಿಸಬೇಡಿ, ಅದು ಇದ್ದೇ ಇರುತ್ತದೆ. ಉಳಿದಿರುವ ವಿದೇಶಿ ಬಾಟಲಿಗಳು ಖಾಲಿಯಾಗುವವರೆಗೂ ಸಿಗುತ್ತವೆ. ದುಬಾರಿ ವಿದೇಶಿ ವೈನ್ ಬೇಕಿದ್ದರೆ ವಾರ ಮೊದಲೇ ಹೇಳಿ, ಸಿಕ್ಕಿದರೆ ತರಿಸಿಕೊಡುತ್ತೇವೆ. ಹೊಸದನ್ನು ರುಚಿ ನೋಡಲು ದೊಡ್ಡ ಬಾಟಲಿ ಯಾಕೆ ಅನ್ನುವವರಿಗೆ 375 ಎಂಎಲ್‌ನ ಚಿಕ್ಕ ಬಾಟಲಿಗಳನ್ನೂ ಇಡುತ್ತಿದ್ದೇವೆ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಬಂದು ಹೇಳಿ. ಮುಂದೆ ಏನು ತರಿಸಬೇಕು ಅಂತ ಅದರ ಮೇಲೇ ತೀರ್ಮಾನಿಸುತ್ತೇವೆ.

ಇಂತಿ,
ಅಂಗಡಿಯ ಬಳಗ, ಮೈಸೂರು