ಚಿತ್ರ ಬಿಡಿಸಿದವರ ಹೆಸರೂ ಹಾಕಿ ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಕಾರ್ಕಳದ ಅನಂತ ಪೈ ಅವರ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ನಮ್ಮ ಕಡೆಯ ಹುಡುಗ ಮುಂಬೈಗೆ ಬಂದು ದೇಶದ ಮಕ್ಕಳಿಗೆಲ್ಲ ಅಂಕಲ್ ಪೈ ಆದ ಕಥೆಯನ್ನು ಎಷ್ಟು ಸಲ ಓದಿದರೂ ಖುಷಿಯೇ. ಆದರೆ ಇಡೀ ಪುಟ ಹುಡುಕಿದರೂ ಅವರು ಹೊರತಂದ ಕಾಮಿಕ್ಸ್ ಪುಸ್ತಕಮಾಲೆ ಅಮರ ಚಿತ್ರ ಕಥೆಗೆ ಚಿತ್ರ ಬರೆದ ಒಬ್ಬರ ಹೆಸರೂ ಇಲ್ಲ. ಕೃಷ್ಣ ಇದ್ದಾನೆ, ಮಕ್ಕಳ ಕಾಮಿಕ್ಸ್ ಪತ್ರಿಕೆ ಟಿಂಕಲ್‌ನ ಸುಪ್ಪಂಡಿ ಇದ್ದಾನೆ, ಅವರನ್ನು ಬಿಡಿಸಿದ ಕೈ ಮಾತ್ರ ನಾಪತ್ತೆ. ಇದೆಂಥ ಲೆಕ್ಕ?

ಆ ಇಬ್ಬರನ್ನೂ ಬಿಡಿಸಿದ್ದು ಒಬ್ಬರೇ, ರಾಮ್ ವಾಯೀರ್ಕರ್. ಇದು ನನಗೆ ಈಗಲೂ ಆಶ್ಚರ್ಯದ ವಿಷಯ. ಅನಂತ ಪೈ ಬರೆದ 'ಕೃಷ್ಣ'ದಲ್ಲಿ ಮೈಕಟ್ಟು, ಒಡವೆ, ಹಸುಗಳು, ಗೋಕುಲದ ಮರಗಳು ಎಲ್ಲವೂ ನಾವು ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ನೋಡುವ ದೇವರ ಹಾಗೆ ಅಂದವಾಗಿವೆ. ಅದೇ ಮನುಷ್ಯ 1983ರಲ್ಲಿ ಟಿಂಕಲ್‌ಗೆ ಸುಪ್ಪಂಡಿಯನ್ನು ಬಿಡಿಸಲು ಕೂತಾಗ ಅದನ್ನೆಲ್ಲ ಪಕ್ಕಕ್ಕಿಟ್ಟುಬಿಟ್ಟರು. ಉದ್ದ ತಲೆ, ಅದರ ಮೇಲೊಂದು ಜುಟ್ಟು, ಸಣಕಲು ಕಾಲು. ಕಥೆಗಳನ್ನು ಮೊದಲು ಕಳಿಸಿದ್ದು ತಿರುಚ್ಚಿಯ ಒಬ್ಬ ಓದುಗರು, ಆದರೆ ಅವನಿಗೆ ಮುಖ ಕೊಟ್ಟವರು ವಾಯೀರ್ಕರ್. ಧಣಿ ಹೇಳಿದ್ದನ್ನು ಅಕ್ಷರಶಃ ಮಾಡಿ ಎಡವಟ್ಟು ಮಾಡಿಕೊಳ್ಳುವ ಆಳು ಅವನು. ಅಂಥ ಜೋಕುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ವಾ? ನಗು ಬರುವುದು ಅವನ ಮುಖ ನೋಡಿ. ಧಣಿ ತಲೆ ತಲೆ ಚಚ್ಚಿಕೊಳ್ಳುತ್ತಿರುತ್ತಾನೆ, ಸುಪ್ಪಂಡಿಯ ಕಣ್ಣಲ್ಲಿ ಮಾತ್ರ ಒಂಚೂರೂ ಅಳುಕಿಲ್ಲ, ಕೆಲಸ ಸರಿಯಾಗಿಯೇ ಮಾಡಿದೆ ಅನ್ನುವ ತೃಪ್ತಿ. ಆ ತೃಪ್ತಿಯನ್ನು ಮಾತಲ್ಲಿ ಬರೆಯೋಕಾಗಲ್ಲ, ಬಿಡಿಸಲೇಬೇಕು. 2003ರಲ್ಲಿ ವಾಯೀರ್ಕರ್ ತೀರಿಕೊಂಡ ಮೇಲೆ ಅವರ ಮಗಳು ಅರ್ಚನಾ ಅಂಬೇರ್ಕರ್ ಸುಪ್ಪಂಡಿಯನ್ನು ಕೈಗೆತ್ತಿಕೊಂಡರು. ಅಪ್ಪನ ಗೆರೆಯನ್ನು ಮಗಳು ಮುಂದುವರಿಸಿದ್ದೇ ನಿಮಗೊಂದು ಪುಟದ ಲೇಖನ ಆಗುತ್ತಿತ್ತು!

ಇವರೊಬ್ಬರೇ ಅಲ್ಲ. ಟಿಂಕಲ್‌ನದೇ ಇನ್ನೊಂದು ಪಾತ್ರ ಶಿಕಾರಿ ಶಂಭುವಿನ ಟೋಪಿಯನ್ನು ಕಣ್ಣು ಕಾಣದಷ್ಟು ಕೆಳಗೆ ಎಳೆದವರು ವಸಂತ ಹಳಬೆ. ಅಮರ ಚಿತ್ರ ಕಥೆಯ 'ಮೀರಾಬಾಯಿ' ಬಿಡಿಸಿದವರು ಯೂಸುಫ್ ಲೀನ್. ಮಹಾಭಾರತದ ದೊಡ್ಡ ಸರಣಿ ದಿಲೀಪ್ ಕದಂ ಅವರದು. ಒಂದೊಂದು ಪುಸ್ತಕ 32 ಪುಟ, ಪುಟಕ್ಕೆ ನಾಲ್ಕೈದು ಚೌಕ ಅಂದರೂ ನೂರರ ಮೇಲೆ ಚಿತ್ರ, ಮತ್ತು ಪ್ರತಿ ಚೌಕದಲ್ಲೂ ಅದೇ ರಾಜ ಅದೇ ರಾಜನ ಹಾಗೆಯೇ ಕಾಣಬೇಕು, ಕಿರೀಟ ಬದಲಾಗಬಾರದು, ಮಾತಿನ ಗುಳ್ಳೆಗೆ ಜಾಗವೂ ಬಿಡಬೇಕು. ಶುರುವಿನ ಸಂಚಿಕೆಗಳಲ್ಲಿ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳಲ್ಲೇ ಸುಧಾರಿಸಿಕೊಂಡಿದ್ದರು. ಅಷ್ಟರಲ್ಲೇ ಬೆಂಕಿಯನ್ನೂ ತೋರಿಸಬೇಕು, ರಾತ್ರಿಯನ್ನೂ ತೋರಿಸಬೇಕು.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ, ಅದೂ ಕನ್ನಡ ಪತ್ರಿಕೆಯಲ್ಲಿ! ಅಮರ ಚಿತ್ರ ಕಥೆ ಮೊದಲು ಹೊರಬಂದದ್ದು ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಆಗ ಬಂದದ್ದು ಸಿಂಡ್ರೆಲಾದಂಥ ಹೊರದೇಶದ ಹತ್ತು ಕಥೆಗಳು. ಹಾಗಾಗಿಯೇ ಇಂಗ್ಲಿಷ್‌ನಲ್ಲಿ 'ಕೃಷ್ಣ' ಬಂದಾಗ ಅದು 11ನೇ ನಂಬರ್. ಒಂದರಿಂದ ಹತ್ತು ಎಲ್ಲಿ ಅಂತ ಮಾಟುಂಗಾದ ಹಳೇ ಪುಸ್ತಕದವರ ಹತ್ತಿರ ವಿಚಾರಿಸುವವರು ಇವತ್ತಿಗೂ ಇದ್ದಾರೆ.

ಇದೆಲ್ಲ ಈಗ ಯಾಕೆ ಅಂತ ಕೇಳಬಹುದು. ಮುಂಬೈಯ ನಮ್ಮ ಮಕ್ಕಳ ಕಾರಣಕ್ಕೆ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಕನ್ನಡ ಅಂದರೆ ಅಜ್ಜಿಯ ಫೋನು, ಊರಿನ ರಜೆ, ಅಷ್ಟೇ. ನನ್ನ ಮೊಮ್ಮಗಳು ಕನ್ನಡ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವವಳು, ಬರೀ ಅಕ್ಷರ ಇರುವ ಪುಟ ಕೊಟ್ಟರೆ ಎರಡನೇ ಸಾಲಿಗೇ ಎದ್ದುಹೋಗುತ್ತಾಳೆ. ಚಿತ್ರ ಇದ್ದರೆ ಮೊದಲು ಚಿತ್ರ ನೋಡಿ ಕಥೆ ಊಹಿಸಿ, ಆಮೇಲೆ ಸರಿಯಾ ಅಂತ ನೋಡೋಕೆ ಓದುತ್ತಾಳೆ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಮ್ಮಿಯಾಗುತ್ತಿರುವ ಈ ಊರಲ್ಲಿ ಕನ್ನಡ ಕಲಿಸುವ ಕೆಲಸದಲ್ಲಿ ಚಿತ್ರಕಾರರ ಪಾಲು ಸಣ್ಣದಲ್ಲ.

ಆದರೆ ನಿಮ್ಮ ಮಕ್ಕಳ ಪುಟದಲ್ಲಿ ಆಗುತ್ತಿರುವುದೇನು? ಕಥೆ ಬರೆದವರ ಹೆಸರು ದಪ್ಪಕ್ಷರದಲ್ಲಿ, ಕೆಲವೊಮ್ಮೆ ಫೋಟೋ ಸಮೇತ. ಚಿತ್ರದ ಕೆಳಗೆ ಏನೂ ಇಲ್ಲ. ಇತ್ತೀಚೆಗಂತೂ ಎಲ್ಲಿಂದಲೋ ಎತ್ತಿದ್ದೋ, ಕಂಪ್ಯೂಟರ್ ಕೈಲಿ ಮಾಡಿಸಿದ್ದೋ ಗೊತ್ತಾಗದಂಥ ಚಿತ್ರಗಳು ಬರುತ್ತಿವೆ. ಯಕ್ಷಗಾನದ ಕಥೆಗೆ ಕಥಕಳಿ ವೇಷ ಹಾಕಿದ್ದನ್ನು ನೋಡಿ ನಮ್ಮ ಸೊಸೈಟಿಯ ಶೆಟ್ಟರು ಪೇಪರ್ ಹಿಡಿದುಕೊಂಡು ಸೀದಾ ನಮ್ಮ ಮನೆಗೆ ಬಂದರು. ಚಿತ್ರಕ್ಕೊಂದು ಹೆಸರು ಇದ್ದಿದ್ದರೆ ಆ ಹೆಸರಿನವರು ಅಂಥ ಕೆಲಸ ಮಾಡಿ ಕೊಡುತ್ತಿರಲಿಲ್ಲ. ಹೆಸರು ಹಾಕುವುದು ಮರ್ಯಾದೆಗೆ ಮಾತ್ರ ಅಲ್ಲ, ಜವಾಬ್ದಾರಿಗೂ ಬೇಕು. ಟಿಂಕಲ್‌ನವರು ಕಥೆಯ ಜೊತೆಗೇ ಬರೆದವರ ಹೆಸರನ್ನೂ ಚಿತ್ರಕಾರರ ಹೆಸರನ್ನೂ ಹಾಕುತ್ತಾರೆ. ಜಾಗ ಸಾಲದು ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಜ್ಯುವೆಲರಿ ಜಾಹೀರಾತಿಗೆ ಅರ್ಧ ಪುಟ ಸಿಗುತ್ತದಲ್ಲ.

ನನ್ನ ಕೋರಿಕೆ ಇಷ್ಟೇ. ಮಕ್ಕಳ ಪುಟದ ಪ್ರತಿ ಚಿತ್ರದ ಕೆಳಗೆ ಬಿಡಿಸಿದವರ ಹೆಸರು ಬರಲಿ. ಮುಂಬೈ, ಪುಣೆಯಲ್ಲಿ ಚಿತ್ರಕಲೆ ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ, ಅವರಿಗೆ ಕೆಲಸ ಕೊಡಿ, ಸುಮ್ನೆ ಪ್ರೋತ್ಸಾಹ ಅಂತ ಅಲ್ಲ, ದುಡ್ಡು ಕೊಟ್ಟು. ಮತ್ತೆ ವಾಯೀರ್ಕರ್ ಬಗ್ಗೆ ಒಂದು ಲೇಖನ ಬರೆಸಿ. ಅದಕ್ಕೆ ಹಾಕುವ ಚಿತ್ರದ ಕೆಳಗಾದರೂ ಅವರ ಹೆಸರು ಮರೆಯಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ