ಶಾಲೆಯ ಕೈತೋಟಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?

ಮಾನ್ಯ ಸಂಪಾದಕರೇ,

ವಿಶ್ವ ಪರಿಸರ ದಿನ, ಅಂದರೆ ಜೂನ್ 5 ಬಂತೆಂದರೆ ಎಲ್ಲ ಪತ್ರಿಕೆಗಳ ಜಿಲ್ಲಾ ಪುಟದಲ್ಲೂ ಒಂದೇ ಥರದ ಫೋಟೊ ಬರುತ್ತದೆ. ಒಂದು ಗುಂಡಿ, ಒಂದು ಸಸಿ, ಅದನ್ನು ಹಿಡಿದುಕೊಂಡ ಹತ್ತು ಕೈ. ಹಿಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಮಕ್ಕಳು. ಕೆಳಗೆ ‘ಶಾಲೆಯಲ್ಲಿ ಪೌಷ್ಟಿಕ ಕೈತೋಟಕ್ಕೆ ಚಾಲನೆ’ ಅಂತ ಒಂದು ಸಾಲು. ನನ್ನದೊಂದು ಕೋರಿಕೆ ಇದೆ. ಮುಂದಿನ ವರ್ಷ ಮೇ ಕೊನೆಯ ವಾರ ನಿಮ್ಮ ವರದಿಗಾರರನ್ನು ಅದೇ ಜಾಗಕ್ಕೆ ಕಳಿಸಿ, ಅಲ್ಲಿ ಏನಿದೆಯೋ ಅದರದ್ದೂ ಒಂದು ಫೋಟೊ ಹಾಕಿ.

ನಾನು ಕೆಲವು ವರ್ಷ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದವನು. ಸುತ್ತಮುತ್ತಲ ಶಾಲೆಗಳ ಕೈತೋಟ ಹುಟ್ಟಿದ್ದನ್ನೂ ನೋಡಿದ್ದೇನೆ, ಸತ್ತಿದ್ದನ್ನೂ ನೋಡಿದ್ದೇನೆ. ಎಲ್ಲ ಕಡೆ ಕಥೆ ಹೆಚ್ಚುಕಡಿಮೆ ಒಂದೇ. ಜೂನ್‌ನಲ್ಲಿ ಮಕ್ಕಳು ಖುಷಿಯಿಂದ ಪಾತಿ ಮಾಡುತ್ತಾರೆ. ಆಗಸ್ಟ್ ಹೊತ್ತಿಗೆ ದಂಟು, ಬದನೆ, ನಾಲ್ಕು ಟೊಮೆಟೊ ಗಿಡ ಕಾಣುತ್ತವೆ. ದಸರಾ ರಜೆಯಲ್ಲಿ ಅರ್ಧ ಬಾಡುತ್ತದೆ. ಏಪ್ರಿಲ್ ಎರಡನೇ ವಾರ ಗೇಟಿಗೆ ಬೀಗ ಬೀಳುತ್ತದಲ್ಲ, ಅಲ್ಲಿಗೆ ಮುಗಿಯಿತು. ನೀರು ಹಾಕುವವರಿಲ್ಲ, ಕಾಂಪೌಂಡ್ ಕುಸಿದ ಕಡೆಯಿಂದ ಮೇಕೆಗಳು ಬರುತ್ತವೆ, ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಒಂದು ಮೋಟು ನುಗ್ಗೆ ಗಿಡ ಮತ್ತು ತಗಡಿನ ಬೋರ್ಡು ಮಾತ್ರ ಉಳಿದಿರುತ್ತವೆ. ಆಮೇಲೆ ಮತ್ತೆ ಜೂನ್ 5.

ಇದಕ್ಕೆ ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. ಗಣತಿ ಅವರೇ ಮಾಡಬೇಕು, ಚುನಾವಣೆ ಕೆಲಸ ಅವರೇ ಮಾಡಬೇಕು, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ ಅವರೇ ಬರೆಯಬೇಕು, ಇದರ ಜೊತೆಗೆ ಮೇ ತಿಂಗಳ ಬಿಸಿಲಲ್ಲಿ ಬಸ್ಸು ಹತ್ತಿ ಬಂದು ಬದನೆ ಗಿಡಕ್ಕೆ ನೀರನ್ನೂ ಹಾಕಲಿ ಅಂದರೆ ಹೇಗೆ? ಅಡುಗೆಯ ಅಕ್ಕಂದಿರ ಮೇಲೆ ಹೊರಿಸುವುದಂತೂ ಇನ್ನೂ ಅನ್ಯಾಯ. ಅವರಿಗೆ ಕೊಡುವುದನ್ನು ಸಂಬಳ ಅಂತ ಕರೆಯುವುದಕ್ಕೂ ಸರ್ಕಾರಕ್ಕೆ ಮನಸ್ಸಿಲ್ಲ, ಗೌರವಧನ ಅಂತಾರೆ.

ಒಂದು ಕೈತೋಟ ಒಣಗಿದರೆ ಇಷ್ಟು ರಂಪ ಯಾಕೆ ಅಂತ ಕೇಳಬಹುದು. ಅನ್ನಭಾಗ್ಯ 2013ರಲ್ಲಿ ಶುರುವಾಯಿತು. ಹೊಟ್ಟೆಗೆ ಅನ್ನವಿಲ್ಲದೆ ಮಲಗುವವರ ಸಂಖ್ಯೆ ಅದರಿಂದ ಕಡಿಮೆಯಾಯಿತು, ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. 2015–16ರ ಸಮೀಕ್ಷೆಯಲ್ಲಿ ಇದು 60.9 ಇತ್ತು. ಅಂದರೆ ಏರಿದೆ! ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಹೊಟ್ಟೆ ತುಂಬಿದೆ, ಮೈಗೆ ಹತ್ತುತ್ತಿಲ್ಲ. ಈಗಿನ ಹಸಿವು ಹೀಗಿದೆ. ತಟ್ಟೆಯಲ್ಲಿ ಅನ್ನ ಕಾಣುತ್ತದೆ, ಅದರ ಪಕ್ಕದಲ್ಲಿ ಇರಬೇಕಾದ್ದು ಕಾಣುವುದಿಲ್ಲ.

ಬಿಸಿಯೂಟದ ಲೆಕ್ಕವನ್ನೇ ನೋಡೋಣ. ನಿಯಮದ ಪ್ರಕಾರ ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟನೇ ತರಗತಿಗೆ 75 ಗ್ರಾಂ. ಅರವತ್ತು ಮಕ್ಕಳ ಕಿರಿಯ ಶಾಲೆಗೆ ದಿನಕ್ಕೆ ಮೂರು ಕಿಲೊ ಬೇಕು. ದುಡ್ಡೆಷ್ಟು? ಕೇಂದ್ರ ಸರ್ಕಾರ 2025ರ ಮೇ ತಿಂಗಳಿಂದ ಚಿಕ್ಕ ಮಕ್ಕಳಿಗೆ ತಲಾ 6 ರೂಪಾಯಿ 78 ಪೈಸೆ ಅಂತ ದರ ಕಟ್ಟಿದೆ. ಬೇಳೆ, ಎಣ್ಣೆ, ಉಪ್ಪು, ಸಾಂಬಾರ ಪುಡಿ, ಗ್ಯಾಸು, ತರಕಾರಿ ಎಲ್ಲ ಇದರಲ್ಲೇ. ಸಂತೆಯಲ್ಲಿ ಈ ದುಡ್ಡಿಗೆ ಒಂದು ಟೀ ಬರಲ್ಲ.

2023ರ ಜುಲೈನಲ್ಲಿ ಟೊಮೆಟೊ ಕಿಲೊಗೆ ನೂರು ದಾಟಿತ್ತಲ್ಲ, ಆಗ ನಮ್ಮ ಶಾಲೆಯ ಅಡುಗೆಮನೆಗೆ ಹೋಗಿದ್ದೆ. ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ಸೌಟು ತಳಕ್ಕೆ ಬಿಟ್ಟು ಎತ್ತಿದರೆ ಒಂದಿಷ್ಟು ಬೇಳೆ, ಎರಡು ಚೂರು ಆಲೂಗೆಡ್ಡೆ. ಹುಳಿಗೆ ಹುಣಸೆಹಣ್ಣು ಕಿವುಚಿ ಹಾಕಿದ್ದರು. ಹೆಡ್ ಮೇಷ್ಟ್ರು ಸೊಪ್ಪಾದರೂ ಹಾಕಬಾರದಾ ಅಂದಾಗ ಆ ಅಕ್ಕ ಹೇಳಿದ್ದು: “ಸಾ, ಇಷ್ಟುದ್ದ ಒಂದು ಕಟ್ಟು ಸೊಪ್ಪಿಗೆ ಇಪ್ಪತ್ತು ರೂಪಾಯಿ ಹೇಳ್ತಾರೆ. ಅರವತ್ತು ಮಕ್ಳಿಗೆ ಎಷ್ಟು ಕಟ್ಟು ತರಲಿ ಸಾ?” ಮೇಷ್ಟ್ರು ಸುಮ್ಮನಾದರು.

ಈಗ ಇನ್ನೊಂದು ವಿಷಯ. ನಮ್ಮ ಕಡೆ ಬಡವರ ಮನೆಗೆ ಸೊಪ್ಪು ದುಡ್ಡು ಕೊಟ್ಟು ತರುವ ಪದಾರ್ಥವೇ ಆಗಿರಲಿಲ್ಲ. ರಾಗಿ ಹೊಲಕ್ಕೆ ಕಳೆ ಕೀಳಲು ಹೋದ ಹೆಂಗಸರು ಸಂಜೆ ಬರುವಾಗ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ, ಕನ್ನೆ, ಗಣಿಕೆ, ಗೋಣಿ, ಹೊನಗೊನೆ, ಕೀರೆ. ಯಾರ ಹೊಲ ಅಂತ ಯಾರೂ ಕೇಳುತ್ತಿರಲಿಲ್ಲ, ಕಳೆ ಹೋದರೆ ಸಾಕು ಅಂತ ಹೊಲದವನಿಗೂ ಇತ್ತು. ರಾತ್ರಿ ಬಸ್ಸಾರು, ಮುದ್ದೆ. ನಾವು ಈಗ ಸಮುದಾಯ ಕೈತೋಟ ಅಂತ ಸಭೆ ಮಾಡಿ ಮಾತಾಡುತ್ತೇವಲ್ಲ, ಅದು ಬೇಲಿ ಇಲ್ಲದೆ, ಬೋರ್ಡು ಇಲ್ಲದೆ ನಡೆಯುತ್ತಿತ್ತು. ಈಗ ಎಲ್ಲರೂ ಕಳೆನಾಶಕ ಹೊಡೆಯುತ್ತಾರೆ. ಕೂಲಿಯವರು ಸಿಗಲ್ಲ, ಸಿಕ್ಕರೆ ಕೂಲಿ ಜಾಸ್ತಿ, ಅದಕ್ಕೆ ಹೊಡೆಯುತ್ತಾರೆ, ಅವರ ಕಷ್ಟ ಅವರಿಗೆ. ಬದುವಿನ ಮೇಲೂ ಹೊಡೆಯುತ್ತಾರೆ. ಆ ಹೆಂಗಸರಿಗೆ ಒಂದೇ ಏಟಿಗೆ ಎರಡೂ ಹೋಯಿತು, ಕಳೆ ಕೀಳುವ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು. ಎಲ್ಲೋ ಒಂದಿಷ್ಟು ಹುಟ್ಟಿದ್ದರೂ ಔಷಧಿ ಬಿದ್ದಿದೆಯೋ ಏನೋ ಅಂತ ಕೀಳಲು ಹೆದರುತ್ತಾರೆ, ಹೆದರುವುದೂ ಸರಿಯೇ.

ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್ ಸಿಗುತ್ತದೆ. ಆ ಭಾಗದ ಹಳ್ಳಿಗಳಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನುವ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದೆ. ಅಲ್ಲಿನ ಸಂಘಗಳಲ್ಲಿ ಇರುವವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು, ತುಂಡು ಜಮೀನಿನವರು. ಅವರು ಪಾಳು ಬಿದ್ದ ನೆಲವನ್ನು ಹದ ಮಾಡಿ ಜೋಳ, ನವಣೆ, ತೊಗರಿ ಎಲ್ಲ ಬೆರೆಸಿ ಬಿತ್ತಿದರು. ತೊಂಬತ್ತರ ದಶಕದಲ್ಲಿ ತಮ್ಮದೇ ಒಂದು ಪಡಿತರ ವ್ಯವಸ್ಥೆ ಕಟ್ಟಿಕೊಂಡರು. ಪಾಳು ಹೊಲ ಹದ ಮಾಡಲು ಸಾಲ ತಗೊಂಡವರು ಅದನ್ನು ಜೋಳದ ರೂಪದಲ್ಲಿ ಊರಿನ ಧಾನ್ಯ ನಿಧಿಗೆ ತೀರಿಸುತ್ತಿದ್ದರು, ಮನೆಯಲ್ಲಿ ಕಾಳು ಖಾಲಿಯಾಗುವ ತಿಂಗಳುಗಳಲ್ಲಿ ಆ ಜೋಳ ಕಡಿಮೆ ಬೆಲೆಗೆ ಬಡವರ ಮನೆಗೆ ಹೋಗುತ್ತಿತ್ತು. ಯಾರು ಹೆಚ್ಚು ಬಡವರು ಅನ್ನುವುದನ್ನು ತಾಲ್ಲೂಕು ಕಚೇರಿಯವರು ಬಂದು ಹೇಳಲಿಲ್ಲ, ಊರಿನವರೇ ಎದುರುಬದುರು ಕೂತು ತೀರ್ಮಾನಿಸಿದರು. ಹೊಲದಲ್ಲಿ ತಾವಾಗಿ ಹುಟ್ಟುವ ಸೊಪ್ಪನ್ನೂ ಅವರು ಆಹಾರ ಅಂತಲೇ ಲೆಕ್ಕಕ್ಕೆ ಹಿಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು, ಅದು ಇರಲಿ. ನನಗೆ ಇಷ್ಟವಾದ ಸಂಗತಿ ಏನೆಂದರೆ ಅಲ್ಲಿ ದುಡಿಯುವ ಕೈಗೂ ಉಣ್ಣುವ ತಟ್ಟೆಗೂ ನಡುವೆ ಒಂದು ಖಾತ್ರಿ ವ್ಯವಹಾರ ಇತ್ತು. ನಮ್ಮ ಶಾಲೆಗಳ ಕೈತೋಟದಲ್ಲಿ ಇರುವುದು ಬರೀ ಉತ್ಸಾಹ. ಉತ್ಸಾಹಕ್ಕೆ ಬೇಸಿಗೆ ರಜೆ ಇರುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟು. ಕೈತೋಟವನ್ನು ಶಾಲೆಯ ತಲೆಯಿಂದ ಇಳಿಸಿ. ಊರಿನ ಸಂಜೀವಿನಿ ಸ್ವಸಹಾಯ ಸಂಘದ ಮೂರ್ನಾಲ್ಕು ಹೆಂಗಸರಿಗೆ, ಜಮೀನಿಲ್ಲದವರಿಗೆ ಮೊದಲು, ನೀರಿನ ಪಕ್ಕದಲ್ಲಿ ಜಾಗ ಕೊಡಿ. ಶಾಲೆಯ ಆವರಣವೇ ಆಗಬೇಕೆಂದಿಲ್ಲ. ಪ್ರತಿ ಊರಿನಲ್ಲೂ ನೀರಿನ ತೊಂಬೆ ತುಂಬಿ ಹರಿದು ಸುತ್ತ ಕೆಸರಾಗುವ ಒಂದು ಜಾಗ ಇದ್ದೇ ಇರುತ್ತದೆ, ಅಲ್ಲೇ ಮಾಡಲಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ನೀರು, ಕೊಟ್ಟಿಗೆ ಗೊಬ್ಬರ ಸರಿಯಾಗಿ ಬಿದ್ದು, ಒಟ್ಟಿಗೇ ಚೆಲ್ಲದೆ ವಾರಕ್ಕೊಂದು ಪಾತಿಯಂತೆ ದಂಟು, ಮೆಂತ್ಯ, ಪಾಲಕ್ ಚೆಲ್ಲುತ್ತಾ ಹೋದರೆ ಅಷ್ಟರಲ್ಲೇ ಅರವತ್ತು ಮಕ್ಕಳಿಗೆ ವಾರದಲ್ಲಿ ಎರಡು ದಿನದ ಸೊಪ್ಪು ಧಾರಾಳವಾಗಿ ಬರುತ್ತದೆ. ಅದನ್ನು ಶಾಲೆ, ಅಂಗನವಾಡಿ ಎರಡೂ ತೂಕ ಹಾಕಿ ಸಂತೆ ದರಕ್ಕೆ ಕೊಂಡುಕೊಳ್ಳಲಿ. ದಾನ ಬೇಡ, ಸ್ವಯಂಸೇವೆಯೂ ಬೇಡ. ಸೊಪ್ಪಿಗೆ ದುಡ್ಡು ಸಿಗುತ್ತದೆ ಅಂದರೆ ಮೇ ತಿಂಗಳಲ್ಲೂ ನೀರು ಬೀಳುತ್ತದೆ. ರಜೆಯಲ್ಲಿ ಯಾರು ಕೊಳ್ಳುತ್ತಾರೆ ಅಂತೀರಾ? ಊರಿನವರು ಕೊಳ್ಳುತ್ತಾರೆ. ಅದೂ ಅಲ್ಲದೆ ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು 2004ರಲ್ಲೇ ಸುಪ್ರೀಂ ಕೋರ್ಟ್ ಆದೇಶವಿದೆ. 2024ರಲ್ಲಿ ನಮ್ಮಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಕೊಟ್ಟರು ಕೂಡ.

ಮಕ್ಕಳು ತೋಟಕ್ಕೆ ಬರಲಿ, ಮಣ್ಣು ಮುಟ್ಟಲಿ, ಹುಳ ನೋಡಲಿ. ಕೆಲಸದ ಆಳುಗಳಾಗುವುದು ಬೇಡ.

ಶಾಲೆಯ ಆವರಣದಲ್ಲಿ ಏನೂ ಬೇಡವೇ ಅಂದರೆ, ಆರೈಕೆ ಕೇಳದ ಗಿಡಗಳು ಇರಲಿ. ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ, ಬೇಲಿ ಸಾಲಿಗೆ ಚಕ್ರಮುನಿ. ನುಗ್ಗೆ ಒಂದು ಸಲ ಬೇರು ಹಿಡಿದರೆ ಎರಡು ತಿಂಗಳು ನೀರಿಲ್ಲದಿದ್ದರೂ ಸಾಯುವುದಿಲ್ಲ, ಮೇಕೆ ಬಾಯಿಗೆ ಸಿಗದಷ್ಟು ಎತ್ತರ ಬರುವವರೆಗೆ ಕಾಯ್ದರೆ ಸಾಕು. ನಿಂಬೆ ಯಾಕೆ ಅಂದರೆ ಸೊಪ್ಪಿನ ಜೊತೆ ಹುಳಿ ಇದ್ದರೆ ಅದರ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಸೇರುತ್ತದೆ, ಊಟ ಆದ ಕೂಡಲೇ ಟೀ ಕುಡಿದರೆ ಅಷ್ಟು ಸೇರುವುದಿಲ್ಲ. ಚಕ್ರಮುನಿಯನ್ನು ಬೇಯಿಸಿಯೇ ತಿನ್ನಿ. ಯಾವುದೋ ವಿಡಿಯೊ ನೋಡಿ ಹಸಿ ರಸ ಮಾಡಿ ಲೋಟಗಟ್ಟಲೆ ಕುಡಿಯುವುದು ಬೇಡ, ತೈವಾನಿನಲ್ಲಿ ಹಾಗೆ ಕುಡಿದು ಶ್ವಾಸಕೋಶ ಕೆಡಿಸಿಕೊಂಡವರಿದ್ದಾರೆ. ಇನ್ನು ನೀರು. ಅಕ್ಕಿ ತೊಳೆದ ನೀರು ಮನೆಯಲ್ಲಾದರೆ ದನಕ್ಕೆ ಹೋಗುತ್ತದೆ, ಶಾಲೆಯಲ್ಲಿ ಮೋರಿಗೆ ಹೋಗುತ್ತದೆ. ಅದನ್ನು ಗಿಡಕ್ಕೆ ತಿರುಗಿಸಿ, ತಟ್ಟೆ ತೊಳೆದ ಸೋಪಿನ ನೀರನ್ನು ಬಾಳೆ ಬುಡಕ್ಕೆ ಬಿಡಿ.

ಬೆಂಗಳೂರಿನ ತಾರಸಿ ತೋಟಗಳ ಬಗ್ಗೆ ನಿಮ್ಮಲ್ಲಿ ಆಗಾಗ ಬರಹ ಬರುತ್ತದೆ. ಚೆನ್ನಾಗಿಯೇ ಬೆಳೆಯುತ್ತಾರೆ, ನಮ್ಮ ನೆಂಟರ ಮನೆಯಲ್ಲೇ ನೋಡಿದ್ದೇನೆ, ಹಸಿ ಕಸವೆಲ್ಲ ಗೊಬ್ಬರವಾಗುತ್ತದೆ, ಒಳ್ಳೆಯದು. ಆದರೆ ಅದನ್ನು ಹಸಿವಿಗೆ ಪರಿಹಾರ ಅಂತ ಬರೆಯಬೇಡಿ. ಹಸಿದವರ ಮನೆಗೆ ಇರುವುದು ಶೀಟು, ಅದೂ ಬಾಡಿಗೆಯದು. ಹಾಗೆಯೇ ‘ಅಕ್ಕಿ ಯಾಕೆ ಬಿಟ್ಟಿ ಕೊಡಬೇಕು, ಬೆಳೆದುಕೊಂಡು ತಿನ್ನಲಿ’ ಅನ್ನುವವರು ಈ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದೂ ಬೇಡ. ಒಂದು ಗುಂಟೆಯಲ್ಲಿ ಸೊಪ್ಪು ಬರುತ್ತದೆ, ಒಂದು ಸಂಸಾರದ ವರ್ಷದ ಅಕ್ಕಿ ಬರುವುದಿಲ್ಲ. ಪಡಿತರ ಇರಲೇಬೇಕು. ಅದರ ಮೇಲೆ ಸೊಪ್ಪು.

ಮುಂದಿನ ಗ್ರಾಮಸಭೆಯಲ್ಲಿ ನಾವು ಕೆಲವರು ಕೇಳಬೇಕೆಂದಿದ್ದೇವೆ. ತೊಂಬೆ ಪಕ್ಕದ ಒಂದೂವರೆ ಗುಂಟೆ ಜಾಗ, ಒಂದು ನಲ್ಲಿ, ಮೇಕೆ ನುಗ್ಗದಂಥ ಬೇಲಿ, ಶಾಲೆ ಮತ್ತು ಅಂಗನವಾಡಿ ಇಲ್ಲಿಂದಲೇ ಸೊಪ್ಪು ಕೊಳ್ಳುತ್ತವೆ ಅಂತ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ. ಉದ್ಘಾಟನೆ ಬೇಡ ಅಂತಲೂ ಹೇಳುತ್ತೇವೆ. ಬೇರೆ ಊರಿನ ಎಸ್‌ಡಿಎಂಸಿಯವರು ಯಾರಾದರೂ ಇದನ್ನು ಈಗಾಗಲೇ ಮಾಡಿ ನೋಡಿದ್ದರೆ, ದುಡ್ಡು ಪಾವತಿ ಹೇಗೆ ಮಾಡಿದಿರಿ, ಆಡಿಟ್‌ನವರು ಏನೆಂದರು ಅಂತ ಇದೇ ಅಂಕಣದಲ್ಲಿ ಬರೆಯಿರಿ.

– ಎಸ್‌ಡಿಎಂಸಿ ಮಾಜಿ ಸದಸ್ಯ, ತುಮಕೂರು ಜಿಲ್ಲೆ