ಕೈಗಂಟಿನ ನೋವು: ಎಕ್ಸ್‌ರೇ ಸಾಲದು, ಕೆಲಸದ ಬಗ್ಗೆಯೂ ಕೇಳಿ

ಮಾನ್ಯ ಸಂಪಾದಕರೆ,

ಶಿರಸಿ, ಸಿದ್ದಾಪುರದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು, ಕರಾವಳಿಯಲ್ಲಿ ಸಿಗಡಿ ಬಿಡಿಸುವವರು, ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವವರು ಬೆರಳ ಗಂಟು ನೋವೆಂದರೆ ಸಾಮಾನ್ಯವಾಗಿ ಸಿಗುವ ಉತ್ತರ, 'ವಯಸ್ಸಾಯ್ತಲ್ಲ, ಸವೆದಿದೆ'. ಒಂದು ಎಕ್ಸ್‌ರೇ, ಐದು ದಿನದ ಮಾತ್ರೆ, ಅಲ್ಲಿಗೆ ಮುಗಿಯಿತು. ಯಾವ ಕೆಲಸ ಕೈಲಾಗುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ.

ಕೈಯ ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ, ಅಂದರೆ ಗಂಟು ಸವೆತದಲ್ಲಿ, ಎಕ್ಸ್‌ರೇಯೂ ನೋವೂ ಹಲವು ಸಲ ತಾಳೆಯಾಗುವುದಿಲ್ಲ. ಬೆರಳ ತುದಿಗಂಟು ಉಬ್ಬಿ ಸೊಟ್ಟಗಾಗಿದ್ದರೂ ನೋವಿಲ್ಲದವರಿದ್ದಾರೆ. ಚಿತ್ರದಲ್ಲಿ ಅಲ್ಪ ಸವೆತವಿದ್ದೂ ಬೀಗ ತಿರುಗಿಸಲಾಗದವರೂ ಇದ್ದಾರೆ. ಈ ಕಾಯಿಲೆಯನ್ನು ಅಳೆಯುವ ಆಸ್ಕಾನ್ ಪ್ರಶ್ನಾವಳಿಯ 15 ಪ್ರಶ್ನೆಗಳಲ್ಲಿ 9 ಕೆಲಸದ ಬಗೆಗೇ ಇವೆ: ನಲ್ಲಿ ತಿರುಗಿಸುವುದು, ಗುಂಡಿ ಹಾಕುವುದು, ಬಟ್ಟೆ ಹಿಂಡುವುದು, ತುಂಬಿದ ಪಾತ್ರೆ ಒಂದೇ ಕೈಯಲ್ಲಿ ಎತ್ತುವುದು, ಹೀಗೆ. ನಮ್ಮ ಆಸ್ಪತ್ರೆಗಳಲ್ಲಿ ಇದರ ಜತೆ ಅಡಿಕೆ ಸುಲಿಯುವುದು, ಕಾಯಿ ತುರಿಯುವುದು, ಬಾವಿಯ ಹಗ್ಗ ಎಳೆಯುವುದನ್ನೂ ಕೇಳಬೇಕು.

ಹೆಚ್ಚು ಕಾಡುವುದು ಹೆಬ್ಬೆರಳ ಬುಡ. ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಗಂಟಿನ ಮೇಲೆ ಬೀಳುವ ಒತ್ತಡ ಸುಮಾರು 12 ಕಿಲೋ. ಅಡಿಕೆಕಾಯಿಯನ್ನು ಅದುಮಿ ಕತ್ತಿಗೆ ಒತ್ತುವ ಕೆಲಸ ಗಂಟೆಗಟ್ಟಲೆ ನಡೆದಾಗ ಆ ಗಂಟಿನ ಪಾಡೇನೆಂದು ಊಹಿಸಬಹುದು. ಸುಲಿದದ್ದರಿಂದಲೇ ಕಾಯಿಲೆ ಬಂತೆನ್ನಲಾಗದು. ವಯಸ್ಸು, ಮನೆತನ, ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ ಎಲ್ಲದರ ಪಾಲೂ ಇದೆ. ಆದರೆ ಇದ್ದ ನೋವನ್ನು ಕೆರಳಿಸುವುದು ಈ ಅದುಮುವಿಕೆಯೇ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವಾಗ ನಡುವೆ ಕೈ ಬಿಟ್ಟು ಕೂರುವವರು ಯಾರು?

ಮಾಡಬಹುದಾದ್ದು ಬಹಳವಿದೆ. ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿ, ಸುಲಿದವರು ಸ್ವಲ್ಪ ಹೊತ್ತು ಹೆಕ್ಕಲಿ. ಸೌಟು, ಚಾಕುವಿನ ಸಣ್ಣ ಹಿಡಿಗೆ ಬಟ್ಟೆಯನ್ನೋ ಹಳೆಯ ಸೈಕಲ್ ಟ್ಯೂಬನ್ನೋ ಸುತ್ತಿ ದಪ್ಪ ಮಾಡಿದರೆ ಬಿಗಿಯಾಗಿ ಹಿಡಿಯಬೇಕಾಗುವುದಿಲ್ಲ. ಪಾತ್ರೆಯನ್ನು ಎರಡೂ ಅಂಗೈ ಕೊಟ್ಟು ಎತ್ತಬೇಕು, ಬಟ್ಟೆಯನ್ನು ತಿರುಚುವ ಬದಲು ಅಂಗೈಯಿಂದ ಒತ್ತಿ ನೀರು ತೆಗೆಯಬೇಕು. ಬೆಳಿಗ್ಗೆ ಹತ್ತು ನಿಮಿಷ ಬಿಸಿನೀರಲ್ಲಿ ಕೈ ಇಟ್ಟು, ಆಮೇಲೆ ಮೆತ್ತಗೆ ಮುಷ್ಟಿ ಕಟ್ಟಿ ಬಿಡಿಸುವುದನ್ನು, ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ತಾಗಿಸುವುದನ್ನು ಹತ್ತು ಹತ್ತು ಸಲ ಮಾಡಬಹುದು. ಹೆಬ್ಬೆರಳ ಬುಡಕ್ಕೆ ಆಸರೆ ಕೊಡುವ ಪಟ್ಟಿಯನ್ನು (ಸ್ಪ್ಲಿಂಟ್) ಎರಡು ವಾರ ಹಾಕಿ 'ಪ್ರಯೋಜನವಿಲ್ಲ' ಎಂದು ಬಿಸಾಡುವವರೇ ಹೆಚ್ಚು. ಅದು ಫಲ ಕೊಡಬೇಕಾದರೆ ಮೂರು ತಿಂಗಳಾದರೂ ಹಾಕಬೇಕು.

ಔಷಧಿಯಲ್ಲಿ ಮಾತ್ರೆಗಿಂತ ಮೊದಲು ನೋವಿನ ಮುಲಾಮು. ಡೈಕ್ಲೋಫೆನಾಕ್ ಜೆಲ್ ಹಚ್ಚಿದ ಮೇಲೆ ಒಂದು ಗಂಟೆ ಕೈ ತೊಳೆಯಬಾರದು. ಹಚ್ಚಿದ ಬೆನ್ನಿಗೇ ಪಾತ್ರೆ ತೊಳೆಯಲು ಕೂರುವುದರಿಂದಲೇ ಅದು ಕೆಲಸಕ್ಕೆ ಬಾರದಂತಾಗುತ್ತದೆ, ಆದ್ದರಿಂದ ಮನೆಕೆಲಸ ಮುಗಿದ ಮೇಲೆ ಹಚ್ಚಬೇಕು. ಬಿಪಿ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದವರು ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗುವುದು ಅಪಾಯ.

ಎಲ್ಲ ಕೈನೋವೂ ಸವೆತವಲ್ಲ. ಬೆಳಗಿನ ಬಿಗಿತ ಸವೆತದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಗಂಟೆಗೂ ಮೀರಿ ಇದ್ದು ಮಣಿಕಟ್ಟು, ಬೆರಳ ಬುಡದ ಗಂಟುಗಳು ಊದಿದ್ದರೆ ಅದು ಗಂಟುಗಳ ಉರಿಯೂತದ ಕಾಯಿಲೆಯಾದ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು, ತಡ ಮಾಡಿದರೆ ಗಂಟು ಹಾಳಾಗುತ್ತದೆ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ನರ ಒತ್ತಿಕೊಂಡಿರಬಹುದು.

ನಮ್ಮ ಬೇಡಿಕೆ ದೊಡ್ಡದಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಅಳತೆಗೆ ತಕ್ಕ ಹೆಬ್ಬೆರಳ ಪಟ್ಟಿ ಸಿಗಲಿ, ಅದನ್ನು ಹಾಕುವ ಕ್ರಮವನ್ನೂ ಕೈ ವ್ಯಾಯಾಮವನ್ನೂ ಫಿಸಿಯೋಥೆರಪಿಸ್ಟ್ ಕೂರಿಸಿಕೊಂಡು ಹೇಳಿಕೊಡಲಿ. ಅಡಿಕೆ ಸಹಕಾರಿ ಸಂಘಗಳು ಸುಲಿಯುವ ಹಂಗಾಮಿಗೆ ಮುಂಚೆ, ಮಳೆಗಾಲ ಕಳೆಯುತ್ತಿದ್ದಂತೆ, ಊರೂರಲ್ಲಿ ಇದಕ್ಕೊಂದು ದಿನ ಇಡಲಿ.

ಕೈ ಚಿಕಿತ್ಸೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು, ಶಿರಸಿ